ದಂಪತಿ ಪ್ಯಾಕೇಜೋ, ಹಸಿರು ಮಾರ್ಗವೋ: ಬೆಂಗಳೂರಿನ ಮೊದಲ ಸುತ್ತಾಟಕ್ಕೆ ಎರಡು ಯೋಜನೆಗಳ ಹೋಲಿಕೆ

ಹಾಸನದಲ್ಲಿ ಹುಟ್ಟಿ ಬೆಳೆದು ಬೆಂಗಳೂರಿಗೆ ಹೋಗದವರು ಸಿಗುವುದು ಕಷ್ಟ. ಆದರೆ ಆಸ್ಪತ್ರೆಗೆಂದು, ಮದುವೆಗೆಂದು, ಮಗನ ಕಾಲೇಜಿನ ಸೀಟಿಗೆಂದು ಹೋಗಿ ಕೆಲಸ ಮುಗಿದ ಕೂಡಲೇ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಹಿಂದಿರುಗಿದ್ದನ್ನೆಲ್ಲ ಆ ಊರನ್ನು ನೋಡಿದ ಲೆಕ್ಕಕ್ಕೆ ಸೇರಿಸಲಾಗದು. ನಾನು ಮತ್ತು ನನ್ನ ಹೆಂಡತಿ ಬೇರಾವ ಕೆಲಸವನ್ನೂ ಇಟ್ಟುಕೊಳ್ಳದೆ, ಚೆನ್ನಾಗಿ ಉಂಡು, ಏನಾದರೊಂದನ್ನು ನೋಡಿ, ಎರಡು ದಿನ ನಿಶ್ಚಿಂತೆಯಿಂದ ಇದ್ದು ಬರೋಣವೆಂದು ಅಲ್ಲಿಗೆ ಹೋದದ್ದು ಮದುವೆಯಾದ ಇಪ್ಪತ್ತೆರಡು ವರ್ಷಗಳ ಮೇಲೆ. ಆ ಮೊದಲ ಪ್ರವಾಸವನ್ನು ಹಾಸನದ ಒಂದು ಟ್ರಾವೆಲ್ಸ್ ಕಚೇರಿಯವರಿಂದ ‘ದಂಪತಿ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಕೊಂಡುಕೊಂಡೆವು. ಆರು ತಿಂಗಳ ನಂತರ ಎರಡನೆಯ ಸಲ ಹೋದಾಗ ಎಲ್ಲವನ್ನೂ ನಾವೇ ಗೊತ್ತುಮಾಡಿಕೊಂಡೆವು. ಈಗ ಸಕಲೇಶಪುರದ ಕಡೆ ಮದುವೆಯಾಗಿರುವ ನನ್ನ ತಂಗಿಯ ಮಗಳು, ‘ಮಾವ, ನಾವಿಬ್ಬರೂ ಮೊದಲ ಸಲ ಬೆಂಗಳೂರು ನೋಡಲು ಹೋಗುತ್ತಿದ್ದೇವೆ, ನೀವು ತೆಗೆದುಕೊಂಡ ಪ್ಯಾಕೇಜನ್ನೇ ತೆಗೆದುಕೊಳ್ಳೋಣವೇ’ ಎಂದು ಕೇಳಿದ್ದಾಳೆ. ಬೇಡ ಎಂದು ಫೋನಿನಲ್ಲಿಯೇ ಹೇಳಿಬಿಟ್ಟೆ. ಏಕೆ ಬೇಡ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ಯಾಕೇಜಿನ ಬೆಲೆ ಇಬ್ಬರಿಗೆ 11,800 ರೂಪಾಯಿ. ಅದರಲ್ಲಿ ಒಂದು ರಾತ್ರಿಯ ಲಾಡ್ಜ್, ಹವಾನಿಯಂತ್ರಿತ ಬಸ್ಸಿನಲ್ಲಿ ನಗರದರ್ಶನ, ಕೋರಮಂಗಲದ ಒಂದು ತಾರಸಿ ಹೋಟೆಲಿನಲ್ಲಿ ಮೇಣದಬತ್ತಿಯ ಬೆಳಕಿನ ಊಟ, ಮರುದಿನ ಒಂದು ಮಾಲ್‌ನಲ್ಲಿ ಸಿನಿಮಾ, ಇಷ್ಟೂ ಸೇರಿದ್ದವು. ಕಾಗದದ ಮೇಲೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ನಗರದರ್ಶನದಲ್ಲಿ ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರು, ಲಾಲ್‌ಬಾಗಿಗೆ ನಲವತ್ತು ನಿಮಿಷ ಕೊಟ್ಟರು, ಒಂದು ರೇಷ್ಮೆ ಸೀರೆಯ ಅಂಗಡಿಗೆ ಮಾತ್ರ ಒಂದೂಕಾಲು ಗಂಟೆ ಕೊಟ್ಟರು. ಸೀರೆಯ ವಿಷಯದಲ್ಲಿ ನಾನು ಹೆಚ್ಚು ಮಾತನಾಡುವಂತಿಲ್ಲ, ಏಕೆಂದರೆ ಅಲ್ಲಿ ಕೊಂಡ ಸೀರೆಯನ್ನು ನನ್ನ ಹೆಂಡತಿ ಇವತ್ತಿಗೂ ಮೆಚ್ಚಿ ಉಡುತ್ತಾಳೆ.

ತೊಂದರೆ ಬಂದದ್ದು ಆ ರಾತ್ರಿಯ ಊಟದಲ್ಲಿ. ಕೂಪನ್ನಿನ ಮೇಲೆ ಏಳೂವರೆಗೆ ಮೇಜು ಕಾದಿರಿಸಲಾಗಿದೆ ಎಂದು ಬರೆದಿತ್ತು. ಬಸ್ಸು ನಮ್ಮನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿದಾಗ ಏಳು ಗಂಟೆಯಾಗಿತ್ತು. ಹಾಸನದಲ್ಲಿ ಏಳೂವರೆಗೆ ಬರುತ್ತೇನೆಂದು ಮಾತು ಕೊಟ್ಟವನು ಏಳು ಇಪ್ಪತ್ತಕ್ಕೆ ಮನೆ ಬಿಟ್ಟರೂ ಎನ್.ಆರ್. ವೃತ್ತವನ್ನು ದಾಟಿ ಹೊತ್ತಿಗೆ ಸರಿಯಾಗಿ ತಲುಪುತ್ತಾನೆ; ಆ ಅಭ್ಯಾಸದ ಮೇಲೆಯೇ ಅರ್ಧ ಗಂಟೆ ಧಾರಾಳವಾಯಿತೆಂದು ನಾನು ಭಾವಿಸಿದೆ. ಆಟೋದವರಲ್ಲಿ ಮೊದಲನೆಯವನು ಬರುವುದಿಲ್ಲ ಎಂದ, ಎರಡನೆಯವನು ಮೀಟರಿನ ಮಾತೆತ್ತಲೇ ಮುಖ ತಿರುಗಿಸಿದ, ಮೂರನೆಯವನು ಬಂದ. ಶನಿವಾರದ ಸಂಜೆ ಮೆಜೆಸ್ಟಿಕ್‌ನಿಂದ ಕೋರಮಂಗಲಕ್ಕೆ ಹೋಗುವುದೆಂದರೆ ಏನೆಂಬುದು ಆ ಊರಿನವರಿಗೆ ಗೊತ್ತು. ನಾವು ತಲುಪಿದಾಗ ಎಂಟು ಇಪ್ಪತ್ತೈದಾಗಿತ್ತು.

ಬಾಗಿಲಲ್ಲಿದ್ದ ಹುಡುಗ ಬಹಳ ವಿನಯದಿಂದ, ಕಾದಿರಿಸಿದ ಮೇಜನ್ನು ಹದಿನೈದು ನಿಮಿಷಗಳವರೆಗೆ ಮಾತ್ರ ಹಿಡಿದಿಡುತ್ತೇವೆ, ನಿಮ್ಮದನ್ನು ಬೇರೆಯವರಿಗೆ ಕೊಟ್ಟಾಗಿದೆ ಎಂದ. ಕೂಪನ್ನಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿತ್ತೆಂಬುದನ್ನು ಆಮೇಲೆ ನೋಡಿದೆ. ಟ್ರಾವೆಲ್ಸ್‌ನವರಿಗೆ ಫೋನು ಮಾಡಿದರೆ, ಬಸ್ಸು ಸಮಯಕ್ಕೆ ಸರಿಯಾಗಿಯೇ ಇಳಿಸಿದೆಯಲ್ಲ, ಅಲ್ಲಿಂದ ಮುಂದಿನದು ನಿಮ್ಮ ಜವಾಬ್ದಾರಿ ಎಂದರು. ಒಂದು ಊರಿನ ನಡುವಿನಲ್ಲಿ ಏಳಕ್ಕೆ ಇಳಿಸಿ, ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಏಳೂವರೆಗೆ ಊಟ ಗೊತ್ತುಮಾಡಿದವರು ಬೆಂಗಳೂರಿನ ಸಂಜೆಯನ್ನು ನೋಡಿದ್ದರೆ ಇಂಥ ಯೋಜನೆ ಮಾಡುತ್ತಿರಲಿಲ್ಲ.

ಒಂಬತ್ತು ಇಪ್ಪತ್ತಕ್ಕೆ ಮೇಜು ಸಿಕ್ಕಿತು. ಅಷ್ಟು ಹೊತ್ತಿಗೆ ಹಾಡುಗಾರರ ತಂಡ ಬಂದಿತ್ತು. ಎದುರಿಗೆ ಕುಳಿತ ಹೆಂಡತಿಗೆ ‘ನೀರು ಬೇಕೇ’ ಎಂದು ಕೇಳುವುದಕ್ಕೂ ನಾನು ಮೇಜಿನ ಮೇಲೆ ಬಗ್ಗಬೇಕಾಯಿತು. ಕೂಪನ್ನಿನ ಊಟದಲ್ಲಿ ಆಯ್ಕೆಯಿರಲಿಲ್ಲ. ನಾಲ್ಕು ತುಂಡು ಪನೀರು, ಕರಿದ ಎಳೆ ಜೋಳ, ಒಂದು ತಟ್ಟೆ ಫ್ರೈಡ್ ರೈಸ್, ಕೊನೆಯಲ್ಲಿ ಕೇಕು. ಕೇಕಿನಲ್ಲಿ ಮೊಟ್ಟೆಯಿದೆಯೆಂದು ತಿಳಿದು ನನ್ನ ಹೆಂಡತಿ ಅದನ್ನು ಮುಟ್ಟಲಿಲ್ಲ. ‘ಏನ್ರೀ, ಇದಕ್ಕೆ ಇಷ್ಟು ದೂರ ಬರಬೇಕಿತ್ತೇ’ ಎಂದು ಅವಳು ಕೇಳಿದ್ದು ಮಾತ್ರ ಅಷ್ಟು ಗದ್ದಲದಲ್ಲಿಯೂ ಸ್ಪಷ್ಟವಾಗಿ ಕೇಳಿಸಿತು.

ಊಟಕ್ಕೆ ಮೊದಲೇ ಹಣ ಕೊಟ್ಟಿದ್ದರೂ ಬಾಟಲಿ ನೀರು, ಎರಡು ಲೋಟ ಹಣ್ಣಿನ ರಸ ಮತ್ತು ಸೇವಾ ಶುಲ್ಕವೆಂದು ಬಿಲ್ಲು ಬಂತು. ಸೇವಾ ಶುಲ್ಕವನ್ನು ಕೂಪನ್ನಿನ ಪೂರ್ತಿ ಮೌಲ್ಯದ ಮೇಲೆ ಹಾಕಿದ್ದರು. ಒಟ್ಟು 1,150 ರೂಪಾಯಿ. ತೆಪ್ಪಗೆ ಕೊಟ್ಟು ಬಂದೆ. ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿಯೇ ಮಾರ್ಗಸೂಚಿ ಹೊರಡಿಸಿತ್ತು. ಅದನ್ನು ತೆಗೆದುಹಾಕಿರೆಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಬಿಲ್ಲನ್ನು ಓದದೆ ಹಣ ಕೊಡುವುದು ನನ್ನ ಹಳೆಯ ದೋಷ. ತಂಗಿಯ ಮಗಳು ಅಂಥ ಹೋಟೆಲಿಗೆ ಹೋಗಲೇಬೇಕೆಂದಿದ್ದರೆ ಇದೊಂದು ವಿಷಯವನ್ನಾದರೂ ನೆನಪಿಟ್ಟುಕೊಳ್ಳಲಿ.

ಮರುದಿನದ ಮಾಲ್ ಬಗ್ಗೆ ಹೇಳುವುದು ಕಡಿಮೆ. ತಂಪಾಗಿತ್ತು, ಶೌಚಾಲಯ ಚೊಕ್ಕಟವಾಗಿತ್ತು, ಹಾಸನದ ಚಿತ್ರಮಂದಿರದಲ್ಲಿ ಓಡುತ್ತಿದ್ದ ಸಿನಿಮಾವೇ ಅಲ್ಲಿಯೂ ಓಡುತ್ತಿತ್ತು.

ಎರಡನೆಯ ಸಲ ನಾನು ಮಾಡಿದ್ದು ಒಂದೇ ಬದಲಾವಣೆ. ಯಾವ ಯಾವ ಪ್ರಸಿದ್ಧ ಜಾಗಗಳನ್ನು ನೋಡಬೇಕು ಎಂಬ ಪಟ್ಟಿಯಿಂದ ಆರಂಭಿಸದೆ, ಮೆಟ್ರೋದ ಹಸಿರು ಮಾರ್ಗದ ನಕ್ಷೆಯಿಂದ ಆರಂಭಿಸಿದೆ. ಹಾಸನದವರಿಗೆ ಇದೊಂದು ಅನುಕೂಲವಿದೆ. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ ನೇರ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಅರಸೀಕೆರೆ, ತುಮಕೂರು ಸುತ್ತುವ ಅಗತ್ಯ ತಪ್ಪಿತು; ಯಶವಂತಪುರದಲ್ಲಿ ಇಳಿದರೆ ಅಲ್ಲಿಯೇ ಹಸಿರು ಮಾರ್ಗದ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಒಂದೇ ಗಾಡಿಯಲ್ಲಿ ಮಲ್ಲೇಶ್ವರದ ಪಕ್ಕದ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಬಸವನಗುಡಿಗೆ ಹತ್ತಿರದ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಜಯನಗರ, ಎಲ್ಲವೂ ಒಂದರ ನಂತರ ಒಂದು ಬರುತ್ತವೆ. ಉಣ್ಣುವುದು, ನೋಡುವುದು ಎರಡೂ ಈ ಒಂದು ದಾರದ ಮೇಲೆಯೇ ಇರಬೇಕು, ಅದನ್ನು ಬಿಟ್ಟು ದೂರ ಹೋಗುವ ಯಾವುದನ್ನೂ ಎಷ್ಟೇ ಹೆಸರಾಗಿದ್ದರೂ ಕೈಬಿಡಬೇಕು ಎಂಬ ನಿಯಮ ಹಾಕಿಕೊಂಡೆವು.

ಬಸವನಗುಡಿಯ ಒಂದು ಸಾಧಾರಣ ಲಾಡ್ಜಿನಲ್ಲಿ ಸಾಮಾನಿಟ್ಟು ಶನಿವಾರ ಮಧ್ಯಾಹ್ನ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದೆವು. 1943ರಿಂದ ನಡೆದುಬಂದಿರುವ ಈ ಹೋಟೆಲು ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತದೆ. ಮತ್ತೆ ತೆರೆಯುವ ಹೊತ್ತಿಗೆ ಮುಂಚಿತವಾಗಿ ಹೋಗಿ ನಿಂತರೆ ಕಾಯುವುದು ಕಡಿಮೆ. ಹೆಸರು ಬರೆಸಿ ಹೊರಗೆ ನಿಲ್ಲಬೇಕು. ಹಾಸನಾಂಬೆಯ ದರ್ಶನಕ್ಕೆ ಪ್ರತಿವರ್ಷ ಸರತಿಯಲ್ಲಿ ನಿಂತವರಿಗೆ ಅದೇನೂ ದೊಡ್ಡ ವಿಷಯವಲ್ಲ. ಸಪ್ಲೈಯರ್ ಒಬ್ಬರು ತೋಳಿನ ಮೇಲೆ ಹತ್ತಾರು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೋಡುವುದೇ ಒಂದು ಮನರಂಜನೆ. ಪ್ಯಾಕೇಜಿನ ಹಾಡುಗಾರರಿಗಿಂತ ಇದೇ ನನಗೆ ಹೆಚ್ಚು ಹಿಡಿಸಿತು. ದೋಸೆ ದಪ್ಪ, ಹೊರಗೆ ಗರಿ, ಒಳಗೆ ಮೆದು. ತಿಂದ ಮೇಲೆ ಅಂಕಿತ ಪುಸ್ತಕದ ಮಳಿಗೆಯಲ್ಲಿ ಒಂದು ಗಂಟೆ, ಬ್ಯೂಗಲ್ ರಾಕ್‌ನಲ್ಲಿ ಅರ್ಧ ಗಂಟೆ ಕಳೆದೆವು. ದೊಡ್ಡ ಬಸವಣ್ಣನ ಗುಡಿ ಪಕ್ಕದಲ್ಲಿಯೇ ಇದೆ. ಎಲ್ಲಿಗೂ ಆಟೋ ಬೇಕಾಗಲಿಲ್ಲ.

ಸಂಜೆಗೆ ರಂಗಶಂಕರದಲ್ಲಿ ನಾಟಕ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳುತನದಲ್ಲಿ ಕಟ್ಟಿದ ಈ ರಂಗಮಂದಿರ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾಯಿತು. ಇಲ್ಲಿಯೂ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಏಳೂವರೆ ಎಂದರೆ ಏಳೂವರೆ. ಕೋರಮಂಗಲದ ಹೋಟೆಲಿನ ನಿಯಮವೂ ಇದೇ ತಾನೇ ಎಂದು ನೀವು ಕೇಳಬಹುದು. ವ್ಯತ್ಯಾಸವೆಂದರೆ ಇವರು ಆ ಮಾತನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಯುವಂತೆ ಹೇಳುತ್ತಾರೆ, ಯಾರಿಗೂ ವಿನಾಯಿತಿ ಕೊಡುವುದಿಲ್ಲ. ನಾವು ಮೆಟ್ರೋದಲ್ಲಿ ಬಂದು ಉಳಿದ ಸ್ವಲ್ಪ ದಾರಿಗೆ ಮಾತ್ರ ಆಟೋ ಹಿಡಿದು ಆರೂವರೆಗೇ ತಲುಪಿ, ಅಲ್ಲಿನ ಕ್ಯಾಂಟೀನಿನಲ್ಲಿ ಬಿಸಿ ಸಬ್ಬಕ್ಕಿ ವಡೆ ತಿಂದು ನಿಧಾನವಾಗಿ ಒಳಗೆ ಹೋದೆವು. ನನ್ನ ಹೆಂಡತಿ ಶಾಲೆಯ ವಾರ್ಷಿಕೋತ್ಸವದ ನಾಟಕಗಳನ್ನು ಬಿಟ್ಟರೆ ಬೇರೆ ನಾಟಕ ನೋಡಿದವಳಲ್ಲ. ಒಂದೂವರೆ ಗಂಟೆ ಅವಳು ಕದಲಲಿಲ್ಲ.

ಈ ಯೋಜನೆಯ ಕುಂದನ್ನೂ ಹೇಳಬೇಕು. ನಾಟಕ ಮುಗಿದು ಬಸವನಗುಡಿಗೆ ಹಿಂದಿರುಗುವ ಹೊತ್ತಿಗೆ ಹಳೆಯ ತಿಂಡಿ ಹೋಟೆಲುಗಳೆಲ್ಲ ಬಾಗಿಲು ಹಾಕಿರುತ್ತವೆ. ವಿಶ್ವೇಶ್ವರಪುರದ ತಿಂಡಿ ಬೀದಿ ತೆರೆದಿರುತ್ತದೆ, ಆದರೆ ಅಲ್ಲಿ ನಿಂತೇ ತಿನ್ನಬೇಕು. ದಿನವಿಡೀ ನಡೆದ ಕಾಲಿಗೆ ಅದು ಹಿತವಲ್ಲ. ಪ್ಯಾಕೇಜಿನ ಬಸ್ಸಿನಲ್ಲಿ ಕುಳಿತೇ ಊರು ನೋಡಬಹುದಿತ್ತು ಎಂಬುದನ್ನು ಒಪ್ಪುತ್ತೇನೆ. ಮಂಡಿನೋವಿನವರು ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭಾನುವಾರ ಬೆಳಗ್ಗೆ ಲಾಲ್‌ಬಾಗ್ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಪಶ್ಚಿಮದ ಬಾಗಿಲಿನಿಂದ ತೋಟದೊಳಗೆ ಹೋಗಿ, 1889ರ ಗಾಜಿನ ಮನೆಯನ್ನು ನೋಡಿ, ಹಳೆಯ ಮರಗಳ ಅಡಿಯಲ್ಲಿ ನಿಧಾನವಾಗಿ ನಡೆದು ಮುಖ್ಯದ್ವಾರದಿಂದ ಹೊರಬಿದ್ದೆವು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ 1924ರಲ್ಲಿ ಆರಂಭವಾದ ಎಂ.ಟಿ.ಆರ್. ಹೋಟೆಲು ಸಿಗುತ್ತದೆ. ಹೈದರಾಲಿ ನೆಡಿಸಿದ ತೋಟದಲ್ಲಿ ಹಸಿವು ಮಾಡಿಕೊಂಡು ಹೋಗಿ ಇಲ್ಲಿ ತೀರಿಸಿಕೊಳ್ಳುವ ಕ್ರಮಕ್ಕಿಂತ ಒಳ್ಳೆಯ ಬೆಳಗನ್ನು ನಾನು ಆ ಊರಿನಲ್ಲಿ ಕಾಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ತುಪ್ಪ ಹಾಕಿದ ಆ ರವೆ ಇಡ್ಲಿಯನ್ನು ತಿಂದ ಮೇಲೆ ಅದರ ಬಗ್ಗೆ ಜಗಳವಾಡುವ ಮನಸ್ಸು ಬರುವುದಿಲ್ಲ. ಕಾಫಿಯ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ, ಅದು ಬೆಂಗಳೂರಿನ ಎಲ್ಲ ಹೋಟೆಲುಗಳಿಗೂ ಸೇರಿದ್ದು: ನಮ್ಮ ಸಕಲೇಶಪುರ, ಚಿಕ್ಕಮಗಳೂರಿನ ಬೀಜವನ್ನೇ ತಂದು ಹುರಿದರೂ ಲೋಟದ ಗಾತ್ರವನ್ನು ಏಕೆ ಇಷ್ಟು ಚಿಕ್ಕದು ಮಾಡಿದ್ದಾರೋ ತಿಳಿಯದು. ಅಲ್ಲಿನವರು ಅದನ್ನೂ ‘ಬೈ ಟು’ ಮಾಡಿ ಕುಡಿಯುತ್ತಾರೆ.

ಸಂಜೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವಿಧಾನಸೌಧದ ದೀಪಾಲಂಕಾರ ನೋಡಿದೆವು. ಭಾನುವಾರ ಕಬ್ಬನ್ ಉದ್ಯಾನದೊಳಗೆ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ ಅಲ್ಲಿ ನಡೆಯುವುದು ಹಿತವಾಗಿತ್ತು. ನಿಯಮ ಮುರಿದು ಹಸಿರು ಮಾರ್ಗ ಬಿಟ್ಟದ್ದು ಇದೊಂದಕ್ಕೇ.

ಹಣದ ಲೆಕ್ಕ ಹೀಗಿದೆ. ಪ್ಯಾಕೇಜಿಗೆ ಸೀರೆಯನ್ನು ಬಿಟ್ಟು, ಅದರ ಹೊರಗಿನ ಇತರ ಖರ್ಚುಗಳನ್ನೆಲ್ಲ ಸೇರಿಸಿ ಹದಿನಾಲ್ಕು ಸಾವಿರ ದಾಟಿತ್ತು. ಎರಡನೆಯ ಸಲ ರೈಲು, ಲಾಡ್ಜ್, ನಾಟಕದ ಟಿಕೆಟು, ಮೆಟ್ರೋ, ಆಟೋ, ತಿಂಡಿ ಎಲ್ಲವೂ ಸೇರಿ ಆರು ಸಾವಿರದೊಳಗೆ ಮುಗಿಯಿತು; ಅದರಲ್ಲಿ ಇಬ್ಬರ ಎರಡು ದಿನದ ತಿಂಡಿ, ಊಟ, ಕಾಫಿಯ ಪಾಲು 1,640 ರೂಪಾಯಿ. ಹಿಂದಿರುಗುವಾಗ ಸಾಮಾನ್ಯ ಸಾರಿಗೆ ಬಸ್ಸು ಹಿಡಿದದ್ದರಿಂದ ಶಕ್ತಿ ಯೋಜನೆಯಲ್ಲಿ ನನ್ನ ಹೆಂಡತಿಗೆ ಟಿಕೆಟಿನ ಹಣ ಉಳಿಯಿತು. ತಿಂಗಳ ಸಂಬಳದವರಿಗೆ ಈ ಅಂತರ ದೊಡ್ಡದಲ್ಲದಿರಬಹುದು. ಸಣ್ಣ ಅಂಗಡಿಯ ಆದಾಯದಲ್ಲಿ ಬದುಕುವ, ರಾತ್ರಿ ಒಂಬತ್ತೂವರೆಗೆ ಮಲಗುವ, ಮದ್ಯ ಮುಟ್ಟದ, ಗದ್ದಲದಲ್ಲಿ ಊಟ ಸೇರದ ನನ್ನಂಥವನಿಗೆ ಇದರಲ್ಲಿ ಯೋಚಿಸುವುದೇನೂ ಉಳಿದಿಲ್ಲ.

ತಂಗಿಯ ಮಗಳ ವಿಷಯದಲ್ಲಿ ಉಳಿದಿದ್ದ ತೊಡಕು ಒಂದೇ. ಅಳಿಯನಿಗೆ ರಜೆ ಸಿಗುವುದು ಸೋಮವಾರ ಮತ್ತು ಮಂಗಳವಾರ. ಎಂ.ಟಿ.ಆರ್.ಗೆ ಸೋಮವಾರ ರಜೆ, ರಂಗಶಂಕರದಲ್ಲಿ ಸೋಮವಾರ ನಾಟಕವಿರುವುದಿಲ್ಲ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಹೀಗಾಗಿ ನಮ್ಮ ಕ್ರಮವನ್ನು ಸ್ವಲ್ಪ ಅದಲುಬದಲು ಮಾಡಿಕೊಟ್ಟಿದ್ದೇನೆ. ಸೋಮವಾರ ಗಾಂಧಿಬಜಾರಿನ ದೋಸೆ, ಬ್ಯೂಗಲ್ ರಾಕ್, ರಾತ್ರಿಗೆ ತಿಂಡಿ ಬೀದಿ. ಎಳೆಯ ಕಾಲುಗಳು, ನಿಂತು ತಿನ್ನಲಿ. ಮಂಗಳವಾರ ಬೆಳಗ್ಗೆ ಲಾಲ್‌ಬಾಗ್ ಮತ್ತು ರವೆ ಇಡ್ಲಿ, ಸಂಜೆ ನಾಟಕ. ವಿಧಾನಸೌಧದ ದೀಪ ಅವರಿಗೆ ತಪ್ಪುತ್ತದೆ. ನಾಟಕದ ಎರಡು ಟಿಕೆಟನ್ನು ನಾನೇ ತೆಗೆದಿಟ್ಟಿದ್ದೇನೆ, ಮೆಜೆಸ್ಟಿಕ್‌ನಿಂದ ರಾತ್ರಿ ಹನ್ನೊಂದರ ಬಸ್ಸಿಗೆ ಸೀಟನ್ನೂ ಕಾದಿರಿಸಿದ್ದೇನೆ. ಆರೂವರೆಗೆ ರಂಗಶಂಕರದ ಬಾಗಿಲಲ್ಲಿ ಇರಬೇಕೆಂದು ಅಳಿಯನಿಗೆ ಎರಡು ಸಲ ಹೇಳಿ, ಮೂರನೆಯ ಸಲ ಬರೆದೂ ಕಳಿಸಿದ್ದೇನೆ.