ಪಿಕಪ್‌ಗೆ ಬೇರೆ ಎಂಜಿನ್ ಕೂರಿಸುವವರು ಮೊದಲು ಗೇರ್ ಬಾಕ್ಸ್ ಗೊತ್ತುಮಾಡಿಕೊಳ್ಳಿ

ವೈರಮುಡಿ ಜಾತ್ರೆಗೆ ಎರಡು ದಿನ ಮುಂಚೆ, ಸುಮಾರು ಒಂದು ಟನ್ ಅಚ್ಚು ಬೆಲ್ಲ ಹೇರಿಕೊಂಡು ಮೇಲುಕೋಟೆಯ ಏರು ಹತ್ತುತ್ತಿದ್ದಾಗ, ಬೇರೆ ಎಂಜಿನ್ ಹಾಕಿಸಿದ್ದ ನಮ್ಮ ಪಿಕಪ್ಪಿನ ಗೇರ್ ಬಾಕ್ಸಿನೊಳಗೆ ಕಲ್ಲು ಒಡೆದಂಥ ಶಬ್ದವಾಗಿ ಗಾಡಿ ಹಿಂದಕ್ಕೆ ಜಾರತೊಡಗಿತು. ನನ್ನ ತಮ್ಮ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡದೆ ಇದ್ದಿದ್ದರೆ ಏನಾಗುತ್ತಿತ್ತೋ ನೆನೆಯಲೂ ಭಯವಾಗುತ್ತದೆ. ಮಂಡ್ಯದ ಸುತ್ತಮುತ್ತ ಹಳೆಯ ಪಿಕಪ್‌ಗೆ ಹೊಸ ಎಂಜಿನ್ ಹಾಕಿಸುವವರು ಅನೇಕರಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗಾಡಿಯ ಮೂಲ ಎಂಜಿನ್ 2523 ಸಿಸಿಯದು. ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, 195 ನ್ಯೂಟನ್ ಮೀಟರ್. ಅದು ಸವೆದುಹೋದಾಗ, ಅಪಘಾತವಾದ ಬೇರೊಂದು ಗಾಡಿಯಿಂದ 2179 ಸಿಸಿಯ, 290 ನ್ಯೂಟನ್ ಮೀಟರ್ ಟಾರ್ಕಿನ ಕಾಮನ್ ರೈಲ್ (ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್ ತಂದೆವು. ಎಂಜಿನ್ನನ್ನು ನಾಲ್ಕು ಕಡೆ ವಿಚಾರಿಸಿ ಕೊಂಡ ನಾವು ಗೇರ್ ಬಾಕ್ಸಿನ ಬಗ್ಗೆ ಯೋಚಿಸಲೇ ಇಲ್ಲ. ಹಳೆಯದೇ ಸಾಕು, ನಡುವೆ ಒಂದು ಪ್ಲೇಟ್ ಕೊಟ್ಟರೆ ಕೂರುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದನ್ನು ನಂಬಿದೆವು.

ಎಂಜಿನ್ನಿನ ಟಾರ್ಕ್ ಇದ್ದಷ್ಟೇ ಇರುವುದಿಲ್ಲ, ಗೇರಿನ ಅನುಪಾತದಷ್ಟು ಹೆಚ್ಚುತ್ತದೆ. ಮೊದಲ ಗೇರು ನಾಲ್ಕರ ಅನುಪಾತದ್ದಾದರೆ 195 ಇದ್ದದ್ದು 780 ಆಗುತ್ತದೆ, 290 ಇದ್ದದ್ದು 1,160 ಆಗುತ್ತದೆ. ಅಷ್ಟನ್ನೂ ಹೊರಬೇಕಾದದ್ದು ಹಳೆಯ ಗೇರಿನ ಹಲ್ಲುಗಳು ಮತ್ತು ಪೆಟ್ಟಿಗೆಯೊಳಗಿನ ಉಪ ದಂಡವಾದ ಲೇ ಶಾಫ್ಟ್. ಖಾಲಿ ಗಾಡಿಯಲ್ಲಿ ಗೇರ್ ಸಲೀಸಾಗಿ ಬಿದ್ದ ಮಾತ್ರಕ್ಕೆ ಆ ಬಲ ಇದೆಯೆಂದು ಅರ್ಥವಲ್ಲ.

ನಮ್ಮನ್ನು ಹೆಚ್ಚು ಕೆಡಿಸಿದ್ದು ಆ ಪ್ಲೇಟು. ಗ್ಯಾಸ್ಕೆಟ್ಟನ್ನು (ಎರಡು ಭಾಗಗಳ ನಡುವೆ ಇಡುವ ತೆಳು ಹಾಳೆಯನ್ನು) ಅಚ್ಚಾಗಿ ಇಟ್ಟು ತೂತು ಗುರುತಿಸಿ ಪ್ಲೇಟನ್ನು ಲೇತಿನಲ್ಲಿ ಮಾಡಿಸಿದ್ದರು, ಅಲುಗದಂತೆ ಬಿಗಿಯಾಗಿ ಕೂರುವ ಡವೆಲ್ ಪಿನ್ನುಗಳನ್ನು ಕೊಟ್ಟಿರಲಿಲ್ಲ. ಬೋಲ್ಟಿನ ತೂತಿನಲ್ಲಿ ಯಾವಾಗಲೂ ಸ್ವಲ್ಪ ಸಡಿಲ ಇರುತ್ತದೆ. ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟನ್ನೂ ಅದರಿಂದ ಬಲ ಪಡೆಯುವ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟನ್ನೂ ಒಂದೇ ನೇರದಲ್ಲಿ ನಿಲ್ಲಿಸುವುದು ಡವೆಲ್ ಪಿನ್. ಇದನ್ನು ಪರೀಕ್ಷಿಸಲು, ಕ್ರ್ಯಾಂಕ್ ಶಾಫ್ಟಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಮೇಲೆ ಡಯಲ್ ಗೇಜ್ (ಸೂಕ್ಷ್ಮ ವ್ಯತ್ಯಾಸ ತೋರಿಸುವ ಮುಳ್ಳಿನ ಮಾಪಕ) ನಿಲ್ಲಿಸಿ ಒಂದು ಸುತ್ತು ತಿರುಗಿಸಿದರೆ ಮುಳ್ಳಿನ ವ್ಯತ್ಯಾಸ ಸುಮಾರು 0.12 ಮಿಲಿಮೀಟರಿನೊಳಗೆ ಇರಬೇಕು. ಗಾಡಿ ಕೆಟ್ಟ ಮೇಲೆ ಮೈಸೂರಿನ ಒಬ್ಬ ಅನುಭವಿ ಮಿಸ್ತ್ರಿ ಅಳೆದಾಗ ನಮ್ಮದರಲ್ಲಿ 0.4 ಬಂತು. ಇನ್‌ಪುಟ್ ಶಾಫ್ಟಿನ ಮುಂತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಪುಡಿಯಾಗಿತ್ತು, ಮೂರನೆಯ ಗೇರಿನ ಹಲ್ಲುಗಳು ಮುರಿದಿದ್ದವು.

ಸೂಚನೆಗಳು ಮೊದಲೇ ಸಿಕ್ಕಿದ್ದವು. ನ್ಯೂಟ್ರಲ್‌ನಲ್ಲಿ ಗರಗರ ಶಬ್ದ ಬಂದು ಕ್ಲಚ್ ಒತ್ತಿದರೆ ನಿಲ್ಲುತ್ತಿತ್ತು. ಅದು ಇನ್‌ಪುಟ್ ಶಾಫ್ಟಿನ ಬೇರಿಂಗಿನ ಕೂಗು ಎಂದು ತಿಳಿಯದ ನಾವು ಆಯಿಲ್ ಬದಲಿಸಿದೆವು. ಆಗ ಹಾಕಿದ್ದು ಜಿಎಲ್-5 ದರ್ಜೆಯ ಗೇರ್ ಆಯಿಲ್. ಜಿಎಲ್-4 ದರ್ಜೆಯ ಆಯಿಲ್ ಬೇಡುವ ಗೇರ್ ಬಾಕ್ಸಿಗೆ ಅದನ್ನು ಸುರಿದರೆ ಅದರಲ್ಲಿರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಎರಡನೆಯ ಸಲ, ಆ ಎಂಜಿನ್ ಇದ್ದ ಮಾದರಿಯ ಗಾಡಿಯದೇ ಗೇರ್ ಬಾಕ್ಸ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಕವಚ), ಫ್ಲೈವೀಲ್ ಮತ್ತು ಕ್ಲಚ್ ಸೆಟ್ಟನ್ನು ಒಟ್ಟಿಗೆ ತಂದೆವು. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು, ಗೇರ್ ಬಾಕ್ಸ್ ಕೂರುವ ಅಡ್ಡಪಟ್ಟಿಯನ್ನೂ ಸರಿಸಬೇಕಾಯಿತು. ಹಿಂದಿನ ಆಕ್ಸಲಿನ ಅನುಪಾತವನ್ನೂ ಲೆಕ್ಕ ಹಾಕಿದೆವು: ಟೈರಿನ ಸುತ್ತಳತೆ 2.2 ಮೀಟರ್, ಆಕ್ಸಲ್ 4.88 ಇರುವಾಗ, 80 ಕಿಲೋಮೀಟರ್ ವೇಗಕ್ಕೆ ನೇರ ಗೇರಿನಲ್ಲಿ (ಅನುಪಾತ ಒಂದು) ಎಂಜಿನ್ ನಿಮಿಷಕ್ಕೆ ಸುಮಾರು 2,950 ಸುತ್ತು, ಎಂಜಿನ್ ಕಡಿಮೆ ಸುತ್ತುವಂತೆ ಮಾಡುವ 0.8ರ ಓವರ್‌ಡ್ರೈವ್ ಗೇರಿನಲ್ಲಿ ಸುಮಾರು 2,360 ಸುತ್ತು ತಿರುಗುತ್ತದೆ. ಈ ಎಂಜಿನ್ನಿನ ಪೂರ್ಣ ಟಾರ್ಕ್ 1,800ರಿಂದ 2,800 ಸುತ್ತುಗಳ ನಡುವೆ ಸಿಗುವುದರಿಂದ ಓವರ್‌ಡ್ರೈವ್ ಇರುವ ಐದು ಗೇರಿನ ಪೆಟ್ಟಿಗೆಯೇ ಹೊಂದಿತು.

ಮೊದಲ ಸಲ ನಾವು ಆರ್‌ಟಿಒ ಅನುಮತಿಯನ್ನೂ ಪಡೆದಿರಲಿಲ್ಲ, ಅದು ನಮ್ಮದೇ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಸಂಬಂಧಿಸಿದ್ದು. ಎಂಜಿನ್ ಖರೀದಿಸುವ ಮುನ್ನವೇ ಕಚೇರಿಯಲ್ಲಿ ವಿಚಾರಿಸಿ, ಪ್ಲೇಟ್ ಹಾಕಲೇಬೇಕಾದರೆ ಡಯಲ್ ಗೇಜಿನ ಅಳತೆಯನ್ನು ನಿಮ್ಮ ಕಣ್ಣೆದುರೇ ತೆಗೆಸಿ, ಅದನ್ನು ಬರೆಸಿಕೊಂಡ ಮೇಲಷ್ಟೇ ಕೂಲಿಯ ಬಾಕಿ ಹಣ ಕೊಡಿ.