ಉದ್ಯಮಬಾಗದ ಬೋರಿಂಗ್ ಶೆಡ್: ಎಂಜಿನ್ ಯಾಕೆ ಹೋಯಿತು ಅಂತ ಮೊದಲು ನೋಡುವ ಜಾಗ

ಬೆಳಗಾವಿ, ಖಾನಾಪುರ, ಬೈಲಹೊಂಗಲ ಕಡೆ ಯಾರಾದರೂ ಹಳೆ ಡೀಸೆಲ್ ಜೀಪಿನ ಎಂಜಿನ್ ಬಿಚ್ಚಿಸಬೇಕು ಅಂತಿದ್ದರೆ ಇದನ್ನು ಓದಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಳರಸ್ತೆಯಲ್ಲಿ ಒಂದು ಬೋರಿಂಗ್ ಶೆಡ್ ಇದೆ, ಅಂದರೆ ಸವೆದ ಎಂಜಿನ್ ಸಿಲಿಂಡರ್ ಕೊರೆದು ಸರಿ ಮಾಡುವ ಜಾಗ. ಬೋರ್ಡ್ ಇಲ್ಲ. ಗೇಟಿನ ಪಕ್ಕ ತುಕ್ಕು ಹಿಡಿದ ಟ್ರ್ಯಾಕ್ಟರ್ ಎಂಜಿನ್ ಬ್ಲಾಕ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಅದೇ ಗುರುತು. ಅಲ್ಲಿ ಎಂಜಿನ್ ಕೆಲಸ ಮಾಡಿಸಿ, 1,400 ಕಿ.ಮೀ. ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಮಾತಲ್ಲಿ ಹೇಳಬೇಕು ಅಂದರೆ ಕಣ್ಣು ಮುಚ್ಚಿಕೊಂಡು ಕೊಡಬಹುದು, ಆದರೆ ಕೈಯಲ್ಲಿ ಟೈಮ್ ಇಟ್ಟುಕೊಂಡು ಹೋಗಿ.

ನನ್ನದು ಹಳೆ ಮಹೀಂದ್ರ ಜೀಪ್, ಫೋರ್ ವೀಲ್. 2523 ಸಿಸಿ ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮುವ) ಎಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 101.6 ಮಿ.ಮೀ., ಅಂದರೆ ಲೆಕ್ಕಕ್ಕೆ ಸರಿಯಾಗಿ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಎರಡು ವರ್ಷದಿಂದ ನಾನೂ ನಮ್ಮ ಸೋದರಮಾವನ ಮಗನೂ ಸೇರಿ ಇದನ್ನು ಕಾಡಿನ ದಾರಿಗೆ ತಯಾರು ಮಾಡುತ್ತಿದ್ದೇವೆ. ಚಾಸಿ, ಗೇರ್ ಬಾಕ್ಸ್, ಆಕ್ಸಲ್ ಎಲ್ಲ ಮನೆ ಮುಂದೆಯೇ ಮಾಡಿಕೊಂಡೆವು. ಎಂಜಿನ್ ಮಾತ್ರ ಕಳೆದ ವರ್ಷ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ), ಪಿಸ್ಟನ್, ರಿಂಗ್ (ಪಿಸ್ಟನ್ ಸುತ್ತ ಗ್ಯಾಸ್ ತಡೆಯುವ ಬಳೆ), ಬೇರಿಂಗ್, ಗ್ಯಾಸ್ಕೆಟ್, ಹೀಗೆ ಇಡೀ ಕಿಟ್ಟೇ ಹೊಸದು ಹಾಕಿದರು.

ಮೊದಲ ಎರಡು ತಿಂಗಳು ಚೆನ್ನಾಗಿಯೇ ಓಡಿತು. 2,000 ಕಿ.ಮೀ. ಆಗುವಷ್ಟರಲ್ಲಿ ಕಥೆ ಬದಲಾಯಿತು. ಚೋರ್ಲಾ ಘಾಟ್ ಹತ್ತುವಾಗ ಪಿಕಪ್ ಇಲ್ಲ, ಹಿಂದೆ ನೀಲಿ ಹೊಗೆ, ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದರೆ ಕುಕ್ಕರ್ ಥರ ಬುಸ್ ಬುಸ್ ಅಂತ ಹೊಗೆ ಬರುತ್ತಿತ್ತು. ಅಂದರೆ ಮೇಲೆ ಉರಿದ ಗ್ಯಾಸ್ ರಿಂಗ್ ದಾಟಿ ಕೆಳಗೆ ಇಳಿಯುತ್ತಿದೆ ಅಂತ. ಆ ಗ್ಯಾರೇಜಿನಲ್ಲಿ ಕೇಳಿದರೆ ಮೊದಲು "ರಿಂಗ್ ಇನ್ನೂ ಕೂತಿಲ್ಲ, ಓಡಿಸಿ" ಅಂದರು. ಆಮೇಲೆ "ಇನ್ನೊಂದು ಕಿಟ್ ಹಾಕೋಣ" ಅಂದರು. ಮೊದಲ ಕಿಟ್ ಯಾಕೆ ಹೋಯಿತು ಅಂತ ಯಾರೂ ಹೇಳಲಿಲ್ಲ. ನನಗೆ ಬೇಕಾಗಿದ್ದು ಅದೊಂದೇ ಉತ್ತರ.

ಬೈಲಹೊಂಗಲದ ನನ್ನ ಗೆಳೆಯನ ಮನೆಯಲ್ಲಿ ಮೂರು ಟ್ರ್ಯಾಕ್ಟರ್ ಇವೆ. ಅವನೇ ಈ ಶೆಡ್ ತೋರಿಸಿದ್ದು. ಎಂಜಿನ್ ಇಳಿಸಿ, ಸಿಲಿಂಡರ್‌ಗಳಿರುವ ಬ್ಲಾಕು, ಅದರ ಮೇಲೆ ಕೂರುವ ಹೆಡ್ಡು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕು ಎಲ್ಲ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಖಾನಾಪುರದಿಂದ ಹೋದೆ. ಅಲ್ಲಿಯ ದೊಡ್ಡ ಮಿಸ್ತ್ರಿಗೆ ಎಲ್ಲರೂ ಕಾಕಾ ಅಂತಾರೆ. ಅವರು ಬ್ಲಾಕಿನ ಕಡೆ ಒಂದು ಸಲ ನೋಡಿ ಕೇಳಿದ ಮೊದಲ ಮಾತು, "ಏರ್ ಪೈಪ್ ತಂದಿಯೇನ ತಮ್ಮಾ?" ನಾನು ತಂದಿರಲಿಲ್ಲ. "ಬರೀ ಎಂಜಿನ್ ತಂದರ ಹೆಂಗ? ಅದು ಉಸಿರಾಡೂ ಪೈಪೂ ನೋಡಬೇಕಲ್ಲ" ಅಂದರು. ಆಗ ನನಗೆ ಸ್ವಲ್ಪ ಬೇಜಾರಾಯಿತು, ನಿಜ ಹೇಳುತ್ತೇನೆ. ಮರುದಿನ ಏರ್ ಕ್ಲೀನರ್, ರಬ್ಬರ್ ಪೈಪ್, ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಎಲ್ಲ ಗೋಣಿಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದೆ.

ಕಾಕಾ ಒಂದು ಬಿಳಿ ಬಟ್ಟೆ ಬೆರಳಿಗೆ ಸುತ್ತಿಕೊಂಡು ಮ್ಯಾನಿಫೋಲ್ಡ್ ಒಳಗೆ ಆಡಿಸಿ ತೆಗೆದರು. ಬಟ್ಟೆ ಮೇಲೆ ಕೆಂಪು ಗೆರೆ. ನಮ್ಮ ಖಾನಾಪುರದ ಕೆಂಪು ಮಣ್ಣು! ಏರ್ ಕ್ಲೀನರ್ ದಾಟಿದ ಮೇಲೆ ಅಲ್ಲಿ ಮಣ್ಣು ಇರಲೇಬಾರದು. ಆಮೇಲೆ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿದರು. ಕ್ಲಿಪ್ಪಿನ ಕೆಳಗೆ, ಹೊಟ್ಟೆಯ ಕಡೆ, ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಸುಮ್ನೆ ನೋಡಿದರೆ ಕಾಣೋದೇ ಇಲ್ಲ, ಬಗ್ಗಿಸಿದರೆ ಮಾತ್ರ ಕಾಣುತ್ತೆ. ಜಾಂಬೋಟಿ ಕಡೆಯ ಧೂಳಿನ ದಾರಿಯಲ್ಲಿ ಒಂದರ ಹಿಂದೆ ಒಂದು ಗಾಡಿ ಹೋಗುವಾಗ ಎಂಜಿನ್ ಇಷ್ಟು ದಿನ ಆ ಸೀಳಿನಿಂದಲೇ ಮಣ್ಣು ಎಳೆದುಕೊಂಡಿದೆ. ಮಣ್ಣು ಆಯಿಲ್ ಜೊತೆ ಸೇರಿದರೆ ವಾಲ್ವ್ ತಿಕ್ಕುವ ಪೇಸ್ಟ್ ಇದ್ದಂಗೆ, ಕಬ್ಬಿಣವನ್ನೇ ತಿಂದು ಹಾಕುತ್ತದೆ. "ಹೊಸಾ ಕಿಟ್ ಹಾಕಿದ್ರೂ ಇದು ಹಿಂಗ ಇದ್ರ ಮತ್ತ ಮಣ್ಣ ತಿಂತೈತಿ" ಅಂದರು ಕಾಕಾ.

ಅಷ್ಟಕ್ಕೆ ನಿಲ್ಲಿಸಲಿಲ್ಲ, ಅಳತೆ ಹಿಡಿದು ತೋರಿಸಿದರು. ಬೋರ್ ಅಳೆಯುವ ಡಯಲ್ ಗೇಜ್ ಇಳಿಸಿದಾಗ ಎರಡನೇ ಸಿಲಿಂಡರಿನ ಬೋರ್ ಕೆಳಗಡೆಗಿಂತ ಮೇಲುಗಡೆ 0.18 ಮಿ.ಮೀ. ಜಾಸ್ತಿ ಇತ್ತು. ಕೇಳೋಕೆ ಚಿಕ್ಕದು, ಎರಡು ಕಾಗದದ ದಪ್ಪವೂ ಇಲ್ಲ. ಆಮೇಲೆ ಅದೇ ಸಿಲಿಂಡರಿನ ಮೇಲಿನ ರಿಂಗನ್ನು ಬೋರಿನ ಕೆಳಗೆ ಇಟ್ಟು, ಪಿಸ್ಟನ್ ತಲೆಕೆಳಗೆ ಮಾಡಿ ಒತ್ತಿ ಸಮ ಕೂರಿಸಿ, ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪಿಗೆ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ತೂರಿಸಿದರು. ಗ್ಯಾಪ್ 0.6 ಮಿ.ಮೀ. ಅದೇ ರಿಂಗ್ ಮೇಲೆ ತಂದಾಗ 1.15! ಬೋರ್ ವ್ಯಾಸ ಎಷ್ಟು ಜಾಸ್ತಿ ಆಗುತ್ತೋ ಗ್ಯಾಪ್ ಅದರ ಮೂರು ಪಟ್ಟಿಗಿಂತ ಸ್ವಲ್ಪ ಮೇಲೆಯೇ ಜಾಸ್ತಿ ಆಗುತ್ತದೆ. ಸ್ಕೂಲಿನಲ್ಲಿ ಕಲಿತ ಪೈ ಲೆಕ್ಕ ಇದೇ ಅಲ್ವಾ, ಅದು ಕಣ್ಣೆದುರು ಬಂದಿದ್ದು ಆವತ್ತು. ಈ ಅಳತೆಯ ಎಂಜಿನ್ನಿಗೆ ಹೊಸ ರಿಂಗಿನ ಗ್ಯಾಪ್ ಸುಮಾರು 0.3 ರಿಂದ 0.35 ಇದ್ದರೆ ಸಾಕು. ಇನ್ನೊಂದು ವಿಷಯವನ್ನೂ ಆಗಲೇ ತಿಳಿಸಿಕೊಟ್ಟರು. ಗಾಳಿಯ ಜೊತೆ ಬಂದ ಮಣ್ಣು ಮೇಲಿನ ರಿಂಗು, ಬೋರಿನ ಮೇಲ್ಭಾಗ ತಿನ್ನುತ್ತದೆ. ಆಯಿಲ್ ಜೊತೆ ಬಂದ ಕೊಳೆ ಬೇರಿಂಗ್ ತಿನ್ನುತ್ತದೆ. ನನ್ನ ಬೇರಿಂಗ್‌ಗಳು ಹೆಚ್ಚುಕಡಿಮೆ ಹೊಸದರಂತೆಯೇ ಇದ್ದವು. ಹಾಗಾಗಿ ಕಳ್ಳ ಬಂದ ದಾರಿ ಮೇಲಿನದು ಅಂತ ಖಾತ್ರಿ ಆಯಿತು.

ನನಗೆ ಮನಸ್ಸು ತುಂಬಿದ್ದು ಮುಂದಿನ ಮಾತಿಗೆ. ಹೇಗೂ ಬಿಚ್ಚಿದೆ, ಕ್ರ್ಯಾಂಕ್ ಕೂಡ ಗ್ರೈಂಡಿಂಗ್ ಮಾಡಿಬಿಡಿ ಕಾಕಾ ಅಂದೆ. ಅವರು ಮೈಕ್ರೋಮೀಟರ್ ಹಿಡಿದು ಬೇರಿಂಗ್ ಕೂರುವ ಪ್ರತಿ ಜರ್ನಲ್ಲನ್ನೂ ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆದರು. "ಕ್ರ್ಯಾಂಕ್ ಛಲೋ ಐತಿ, ಸುಮ್ನ ಯಾಕ ಕೆಡಸೂದು?" ಅಂದು ಬರೀ ಪಾಲಿಶ್ ಮಾಡಿ, ಸ್ಟ್ಯಾಂಡರ್ಡ್ (ಮೂಲ ಅಳತೆಯ) ಬೇರಿಂಗೇ ಹಾಕಿದರು. ಗ್ರೈಂಡಿಂಗ್ ಮಾಡಿದ್ದರೆ ಅವರಿಗೆ ದುಡ್ಡು ಬರುತ್ತಿತ್ತು. ಆದರೆ ಉಜ್ಜಿ ಸಣ್ಣ ಮಾಡಿದಂತಾಗಿ ನನ್ನ ಕ್ರ್ಯಾಂಕಿನ ಆಯುಷ್ಯ ಒಂದು ಸೈಜ್ ಕಮ್ಮಿ ಆಗುತ್ತಿತ್ತು. ಕೈಗೆ ಬಂದ ಕೂಲಿ ಹೀಗೆ ಬಿಡುವವರನ್ನು ನಾನು ನೋಡಿದ್ದು ಕಡಿಮೆ.

ಲೈನರ್ ಹೊಸದು ಒತ್ತಿ ಬೋರ್ ಮಾಡಿದರು, ಹೋನಿಂಗ್ (ಕಲ್ಲಿನಿಂದ ಬೋರಿನ ಒಳಗೆ ತಿಕ್ಕಿ ಸಣ್ಣ ಗೀರು ಹಾಕುವುದು) ಮಾಡಿದರು, ಹೆಡ್ ಫೇಸಿಂಗ್ (ಹೆಡ್ಡಿನ ಮುಖ ಸಮ ಮಾಡುವುದು), ವಾಲ್ವ್ ಕೆಲಸ ಎಲ್ಲ ಆಯಿತು. ಇದರಲ್ಲಿ ತೊಳೆಯುವ ಕೆಲಸದ ಬಗ್ಗೆ ಮಾತ್ರ ಹೇಳಲೇಬೇಕು. ಹೋನಿಂಗ್ ಆದ ಮೇಲೆ ಬಹಳ ಕಡೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒರೆಸಿ ಕೊಡುತ್ತಾರೆ. ಕಲ್ಲಿನ ಪುಡಿ ಅದಕ್ಕೆ ಬಿಡೋದಿಲ್ಲ, ಗೀರುಗಳ ಒಳಗೇ ಕೂತಿರುತ್ತದೆ. ಇಲ್ಲಿ ಬ್ಲಾಕಿನ ಆಯಿಲ್ ದಾರಿಯ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಬಿಸಿ ನೀರು, ಸೋಪು, ಉದ್ದ ಬ್ರಶ್ ಹಾಕಿ ಒಬ್ಬ ಹುಡುಗ ಮಧ್ಯಾಹ್ನದ ತನಕ ಉಜ್ಜಿದ. ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಬರುವ ತನಕ ಬಿಡಲಿಲ್ಲ. ನೀರು ಆರಿಸಿದ ತಕ್ಷಣ ಆಯಿಲ್ ಸವರಿದ, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ತುಕ್ಕು ಹಿಡಿಯುತ್ತದೆ.

ಈಗ ಬೇಸರದ ಮಾತು. ಎಂಟು ದಿನ ಅಂದವರು 19 ದಿನ ತಗೊಂಡರು. ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಎಂಜಿನ್‌ಗಳು ಸಾಲಾಗಿ ಬರುತ್ತವೆ, ರೈತರ ಕೆಲಸ ಮೊದಲು. ಅದು ನನಗೆ ಒಪ್ಪಿಗೆ ಇದೆ. ಆದರೆ ಒಂದು ಫೋನ್ ಮಾಡಿ ತಡ ಆಗುತ್ತೆ ಅಂತ ಹೇಳಬಹುದಿತ್ತು. ಎರಡು ಸಲ ಸುಮ್ನೆ ಹೋಗಿ ಬಂದೆ. ಬಿಲ್ ಕೂಡ ಕೈಯಲ್ಲಿ ಬರೆದ ಚೀಟಿ. ಯಾವ ಸಿಲಿಂಡರಿಗೆ ಯಾವ ಅಳತೆ ಅಂತ ಬರೆದುಕೊಡಿ ಅಂತ ನೀವೇ ಕೇಳಬೇಕು, ಕೇಳಿದರೆ ಕೊಡುತ್ತಾರೆ. ಖರ್ಚು ಮೊದಲ ಗ್ಯಾರೇಜಿಗೆ ಕೊಟ್ಟದ್ದರ ಅರ್ಧಕ್ಕಿಂತ ಸ್ವಲ್ಪ ಮೇಲಾಯಿತು, ಬೇಡದ ಸಾಮಾನು ಹಾಕಲಿಲ್ಲವಲ್ಲ.

ಎಂಜಿನ್ ಕೂರಿಸಿದ ಮೇಲೂ ಒಂದು ತಕರಾರು ಬಂತು. ಬೆಳಗ್ಗೆ ಸ್ಟಾರ್ಟ್ ಆಗೋಕೆ ಬಹಳ ಹೊತ್ತು, ಬಿಳಿ ಹೊಗೆ. ಒಂದು ಸಲ ಸ್ಟಾರ್ಟ್ ಆದರೆ ದಿನವಿಡೀ ಏನೂ ತೊಂದರೆ ಇಲ್ಲ. ಡೀಸೆಲ್ ಪಂಪ್ ಹೋಯಿತೇನೋ ಅಂತ ಎದೆ ಝಲ್ ಅಂದಿತು. ಜೀಪ್ ತಗೊಂಡು ಹೋಗಿ ರಾತ್ರಿ ಅಲ್ಲೇ ಬಿಟ್ಟು ಬಂದೆ. ಕಾಕಾ ಅವರ ಅಳಿಯ ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಿಟ್ಟಿದ್ದರು. ಬೆಳಗ್ಗೆ ಸೆಲ್ಫ್ ಹೊಡೆದಾಗ ಅದರಲ್ಲಿ ಗುಳ್ಳೆಗಳ ಸಾಲು. ರಾತ್ರಿಯೆಲ್ಲ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿತ್ತು. ಡೀಸೆಲ್ ಪೈಪ್ ಜೋಡಿಸುವ ಬ್ಯಾಂಜೋ ಬೋಲ್ಟಿನ ಹಳೆ ತಾಮ್ರದ ವಾಶರನ್ನು ನಾನೇ ಹಾಗೇ ಮತ್ತೆ ಹಾಕಿದ್ದೆ. ಒಂದು ಸಲ ಒತ್ತಿದ ತಾಮ್ರ ಗಟ್ಟಿಯಾಗಿ ಬಿಡುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ. ಅವರು ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಮೆತ್ತಗಾಯಿತು. ಹಾಕಿ ಬಿಗಿದರು, ಗುಳ್ಳೆ ನಿಂತಿತು. ದುಡ್ಡು ಕೇಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಮೊದಲ ದಿನಗಳಲ್ಲಿ ಹೇಗೆ ಓಡಿಸಬೇಕು ಅಂತಲೂ ಹೇಳಿದ್ದರು. ನಿಂತಲ್ಲೇ ಬಹಳ ಹೊತ್ತು ಚಾಲೂ ಇಡಬಾರದು, ಹದವಾದ ಲೋಡ್ ಕೊಡಬೇಕು, ಹಾಗಾದರೇನೇ ರಿಂಗ್ ಕೂರೋದು. 500 ಕಿ.ಮೀ.ಗೆ ಆಯಿಲ್ ಬದಲಿಸಿದೆ. ಹಳೆಯ ಆಯಿಲ್ ಬಾತ್ (ಆಯಿಲ್‌ನಲ್ಲಿ ಧೂಳು ಹಿಡಿಯುವ) ಏರ್ ಕ್ಲೀನರ್ ತೆಗೆದು ಪೇಪರ್ ಫಿಲ್ಟರ್ ಹಾಕಿದೆ. ಗಾಡಿ ಬಹಳ ವಾಲಿದಾಗ ಒಳಗಿನ ಆಯಿಲ್ ಒಂದು ಕಡೆ ಸರಿದು ಧೂಳು ಸರಿಯಾಗಿ ಹಿಡಿಯುವುದಿಲ್ಲ, ನಮ್ಮಂಥವರ ದಾರಿಗೆ ಅದು ಆಗಿಬರೋದಿಲ್ಲ.

ಹೋದ ಭಾನುವಾರ ಜಾಂಬೋಟಿ ಮೇಲೆ ಕಣಕುಂಬಿಗೆ, ಮಲಪ್ರಭೆ ಹುಟ್ಟುವ ಜಾಗಕ್ಕೆ, ಹೋಗಿ ಬಂದೆವು. ವಾಪಸ್ ಬಂದು ಎಂಜಿನ್ ಚಾಲೂ ಇಟ್ಟೇ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ. ಬುಸ್ ಅನ್ನಲಿಲ್ಲ. ಏರ್ ಪೈಪ್ ಬಗ್ಗಿಸಿ ನೋಡಿದೆ, ಮ್ಯಾನಿಫೋಲ್ಡ್ ಒಳಗೆ ಬಿಳಿ ಬಟ್ಟೆ ಆಡಿಸಿದೆ. ಬಟ್ಟೆ ಬಿಳಿಯಾಗಿಯೇ ಬಂತು.

ಹೋಗುವವರು ಬೆಳಗ್ಗೆ ಬೇಗ ಹೋಗಿ, ಅಮಾವಾಸ್ಯೆ ದಿನ ಕೆಲಸ ಹಿಡಿಯುವುದಿಲ್ಲ. ಬೇರಿಂಗ್ ಹಿಡಿದಿಡುವ ಕ್ಯಾಪ್‌ಗಳಿಗೆ ನಂಬರ್ ಹಾಕಿ ತಗೊಂಡು ಹೋಗಿ. ಏರ್ ಪೈಪ್ ಮರೆಯಬೇಡಿ.