ಡಬ್ಬಿಯಲ್ಲಿ ಬಂದ ಕೋಟೆ: ಲೆಗೋ ಜೊತೆ ನಾಲ್ಕು ವರ್ಷ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ತೊಡೆ ಮೇಲೆ ದೊಡ್ಡ ಡಬ್ಬಿ. ಪಕ್ಕದ ಸೀಟಿನ ಅಜ್ಜ ಉಣಕಲ್ ದಾಟುವವರೆಗೂ ಹೇಗೋ ತಡೆದುಕೊಂಡರು. ಆಮೇಲೆ ಕೇಳೇಬಿಟ್ಟರು.

‘ಮಿಕ್ಸರ್ ತಗೊಂಡೀರೇನ್ರಿ?’

‘ಇಲ್ರಿ ಅಜ್ಜಾರ. ಕೋಟಿ.’

‘ಎಷ್ಟ ಕೋಟಿ?’

ನಮ್ಮ ಕಡೆ ಕೋಟೆಗೂ ಕೋಟಿ, ರೊಕ್ಕದ ಕೋಟಿಗೂ ಕೋಟಿ. ಬೆಲೆ ನೆನೆಸಿಕೊಂಡರೆ ಅಜ್ಜ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಡಬ್ಬಿಯಲ್ಲಿದ್ದದ್ದು ಲೆಗೋದ, ಅಂದರೆ ಒಂದರ ಮೇಲೊಂದು ಕೂರಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆ ಆಟಿಕೆಯ, ‘ಲಯನ್ ನೈಟ್ಸ್ ಕ್ಯಾಸಲ್’, ಸೆಟ್ ನಂಬರ್ 10305. ಕಂಪನಿಗೆ 90 ವರ್ಷ ತುಂಬಿದ 2022ರಲ್ಲಿ ಬಂದದ್ದು. 4,514 ಪೀಸು, 22 ಗೊಂಬೆ. ನನಗೆ ಈ ಹುಚ್ಚು ಹಿಡಿದದ್ದು ಅದಕ್ಕೂ ಒಂದು ವರ್ಷ ಮೊದಲು, 2021ರಲ್ಲಿ. ಮಗಳ ಹೆಸರು ಹೇಳಿ 31120 ನಂಬರಿನ ಕೋಟೆ ತಂದೆ. 1,426 ಪೀಸು. ಅದೇ ಪೀಸುಗಳಲ್ಲಿ ಕೋಟೆ ಕಟ್ಟಬಹುದು, ಬಿಚ್ಚಿ ಗೋಪುರ ಕಟ್ಟಬಹುದು, ಮತ್ತೆ ಬಿಚ್ಚಿ ಸಂತೆ ಕಟ್ಟಬಹುದು. ಮಗಳು ಎರಡು ದಿನ ಆಡಿ ಡ್ರ್ಯಾಗನ್ ತಗೊಂಡು ಹೋದಳು. ಉಳಿದದ್ದೆಲ್ಲ ನನ್ನ ಪಾಲಾಯಿತು. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ನನ್ನದೇ.

ನಾನು ಸಣ್ಣವನಿದ್ದಾಗ ಇದು ನಮ್ಮೂರಿನ ಯಾವ ಅಂಗಡಿಗೂ ಬಂದಿರಲಿಲ್ಲ. ದೀಪಾವಳಿಗೆ ಬೆಳಗಾವಿಯ ಅತ್ತೆಯ ಮನೆಗೆ ಹೋದರೆ ಅಲ್ಲಿನ ಹುಡುಗರ ಜೊತೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಿದ್ದೆ. ಮೇಲೆ ರಾಗಿ ಚೆಲ್ಲಿ ಹುಲ್ಲು ಬೆಳೆಸುವುದು, ಬುರುಜಿನ ಮೇಲೆ ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುವುದು. ರಜೆ ಮುಗಿಯುವುದರೊಳಗೆ ಕುಸಿಯುತ್ತಿತ್ತು. ಕುಸಿಯದ ಕಿಲ್ಲಾ ಬೇಕು ಅಂತ ಆಗಲೇ ತಲೆಯಲ್ಲಿ ಕೂತಿತ್ತು ಅನ್ನಿಸುತ್ತದೆ.

ಈ ಸಾಮಾನಿನ ಗುಣಮಟ್ಟದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಆವತ್ತಿನ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. ಮೇಲೆ ಉಬ್ಬಿದ ಪಕ್ಕಪಕ್ಕದ ಎರಡು ಗುಂಡಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಸರಿಯಾಗಿ 8 ಮಿಲಿಮೀಟರ್. ನಾಲ್ಕು ವರ್ಷದಲ್ಲಿ ನಾನು ಎಷ್ಟು ಸಲ ಬಿಚ್ಚಿ ಕಟ್ಟಿದ್ದೇನೋ ಲೆಕ್ಕ ಇಲ್ಲ. ಕೂರುವಾಗಿನ ‘ಟಕ್’ ಶಬ್ದ ಹಾಗೇ ಇದೆ.

ಆದರೆ ನನ್ನನ್ನು ಹಿಡಿದಿಟ್ಟದ್ದು ಇಟ್ಟಿಗೆಯಲ್ಲ, ಗೊಂಬೆ. ಮಿನಿಫಿಗರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ‘ಗಿಡ್ಡಪ್ಪ’. ಹೆಸರಿಟ್ಟವಳು ಮಗಳು. ಟೋಪಿ ಇಲ್ಲದೆ ನಾಲ್ಕು ಇಟ್ಟಿಗೆಯಷ್ಟು ಎತ್ತರ. ಕೈಕಾಲು ಆಡುವ ಈ ಗಿಡ್ಡಪ್ಪ ಹುಟ್ಟಿದ್ದು 1978ರಲ್ಲಿ. ಕೋಟೆಯ ಸೆಟ್ಟುಗಳು ಶುರುವಾದದ್ದೂ ಅದೇ ವರ್ಷ. ಆ ಮೊದಲ ಕೋಟೆ ಪೂರ್ತಿ ಹಳದಿ. ಬೂದು ಇಟ್ಟಿಗೆ ಕೊಟ್ಟರೆ ಮಕ್ಕಳು ಟ್ಯಾಂಕು, ತೋಪು ಕಟ್ಟಿಯಾರು ಅನ್ನೋ ಅಳುಕು ಕಂಪನಿಗೆ ಇತ್ತಂತೆ. ಬೂದು ಕೋಟೆ ಬರಲು 1984 ಆಗಬೇಕಾಯಿತು. ಅಸ್ಥಿಪಂಜರದ ಸೈನ್ಯ, ರಾಕ್ಷಸರು, ಗಡ್ಡದ ಕುಳ್ಳರು ಎಲ್ಲ ಬಂದದ್ದು 2007ರಿಂದ 2009ರ ನಡುವೆ. ಆ ಕಾಲದವು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ ಸಿಗುತ್ತವೆ. ಕೊಳ್ಳುವವರು ಕಂದು ಬಣ್ಣದ ಪೀಸುಗಳನ್ನು ಹುಷಾರಾಗಿ ನೋಡಿ. ಆ ವರ್ಷಗಳ ಕೆಂಗಂದು ಪೀಸುಗಳು ಬಿಚ್ಚುವಾಗ ಬಿಸ್ಕೀಟಿನ ಹಾಗೆ ಮುರಿಯುವುದು ಸಂಗ್ರಹಕಾರರಿಗೆಲ್ಲ ಗೊತ್ತಿರುವ ವಿಷಯ.

ಬಿಡಿ ಗೊಂಬೆಗಳದ್ದು ಬೇರೆಯೇ ಕಥೆ. 2010ರಿಂದ ಇವನ್ನು ಸೀರೀಸ್ ಲೆಕ್ಕದಲ್ಲಿ ಮುಚ್ಚಿದ ಚೀಟಿನಲ್ಲಿ ಮಾರುತ್ತಿದ್ದರು. ಒಳಗೆ ಯಾರಿದ್ದಾರೆ ಗೊತ್ತಾಗುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವ ಹಾಗೆ ಬೆರಳಲ್ಲೇ ನೋಡಬೇಕು. ಜನವರಿ 2022ರ ಸೀರೀಸ್ 22ರಲ್ಲಿ ನನಗೆ ಇಬ್ಬರು ಬೇಕಿತ್ತು. ಬಿಲ್ಲು ಹಿಡಿದ ಕಾಡಿನ ಎಲ್ಫ್ ಅನ್ನೋ ಚೂಪುಗಿವಿಯ ಯಕ್ಷ, ಮತ್ತೆ ಲ್ಯೂಟ್ ಅನ್ನೋ ತಂತಿವಾದ್ಯ ಹಿಡಿದ ಹಾಡುಗಾರ. ಕೊಪ್ಪಿಕರ ರಸ್ತೆಯ ಒಂದು ಅಂಗಡಿಯಲ್ಲಿ ನಿಂತು ಅರ್ಧ ತಾಸು ಚೀಟು ಹಿಚುಕಿದೆ. ಅಂಗಡಿಯವರು ‘ಸರ್, ಹುಡುಗೂರಿಗೆ ಏನ್ರಿ?’ ಅಂತ ಎರಡು ಸಲ ಕೇಳಿದರು. ಒಂದು ಚೀಟಿನಲ್ಲಿ ಹೊಟ್ಟೆ ಉಬ್ಬಿದ, ಕತ್ತು ಉದ್ದದ ಏನೋ ತಾಗಿತು. ಎಳೇ ತಂಬೂರಿ! ಹಾಡುಗಾರ ಸಿಕ್ಕ. ಆ ಹುರುಪಿನಲ್ಲಿ ಎಲ್ಫ್ ಅಂದುಕೊಂಡು ಇನ್ನೂ ಮೂರು ತಗೊಂಡೆ. ಮನೆಗೆ ಬಂದು ಹರಿದರೆ ಮೂರರಲ್ಲೂ ಮೆಣಸಿನಕಾಯಿ ವೇಷದವನು. ಹೌದು, ಆ ಸೀರೀಸಿನಲ್ಲಿ ಮೆಣಸಿನಕಾಯಿ ಆದವನೊಬ್ಬ ಇದ್ದಾನೆ. ಕೆಂಪಗೆ, ಮೇಲೆ ಹಸಿರು ತೊಟ್ಟು. ಆಫೀಸಿನಲ್ಲಿ ಹಾವೇರಿ ಕಡೆಯ ಗೆಳೆಯನಿಗೆ ಒಬ್ಬನನ್ನು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ‘ಬ್ಯಾಡಗಿ ಅಲ್ಲ ಬಿಡು ಇದು, ಮೈಮ್ಯಾಲ ಸುಕ್ಕ ಇಲ್ಲ’ ಅಂದ. ಈಗಲೂ ಅವನ ಕಂಪ್ಯೂಟರ್ ಮೇಲೆ ನಿಂತಿದೆ.

2023ರಿಂದ ಚೀಟು ಹೋಗಿ ರಟ್ಟಿನ ಡಬ್ಬಿ ಬಂತು. ಹಿಚುಕಲು ಬರುವುದಿಲ್ಲ. ಪರಿಸರಕ್ಕೆ ಒಳ್ಳೆಯದೇ ಇರಬಹುದು, ನನಗೆ ಅರ್ಧ ಮಜಾ ಹೋಯಿತು. 2024ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಆಟದ ಸೀರೀಸಿನಲ್ಲಿ ಹನ್ನೆರಡು ಗೊಂಬೆ ಇವೆ. ನಾನು ನಾಲ್ಕಕ್ಕೇ ನಿಲ್ಲಿಸಿದೆ. ಅದರಲ್ಲಿ ಹಕ್ಕಿ ಮುಖದ ಬೇಟೆಗಾರ ಒಬ್ಬ ಬಂದ. ರೆಕ್ಕೆ, ಕೊಕ್ಕು ಎಲ್ಲ ಇದೆ. ಅವ್ವ ಶೆಲ್ಫ್ ಒರೆಸುವಾಗ ನೋಡಿ, ‘ಗರುಡಪ್ಪನ್ನ ಕೆಳಗ ಯಾಕ ಇಟ್ಟೀಯೋ’ ಅಂತ ತೆಗೆದು ಮೇಲಿನ ಖಾನೆಯಲ್ಲಿಟ್ಟಳು. ಈಗ ಅವನು ಎಲ್ಲರಿಗಿಂತ ಎತ್ತರದಲ್ಲಿದ್ದಾನೆ.

ಬೆಲೆ ದುಬಾರಿ. ದೊಡ್ಡ ಕೋಟೆ ಅಮೆರಿಕದಲ್ಲಿ ಬಂದಾಗಲೇ 400 ಡಾಲರ್. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಎರಡು ವರ್ಷದ ಬೋನಸ್ ಕೂಡಿಟ್ಟು ತಂದದ್ದು ಅಂತ ಮನೆಯಲ್ಲಿ ಹೇಳಿದ್ದೇನೆ. ಅದರಲ್ಲಿ ಮುಕ್ಕಾಲು ನಿಜ.

ಅಗ್ಗದ ಆಸೆಗೆ ಬಿದ್ದು ಒಮ್ಮೆ ಕೈ ಸುಟ್ಟುಕೊಂಡೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ‘ಒರಿಜಿನಲ್’ ಅಂತ ನೈಟ್ ಅನ್ನೋ ಎಂಟು ಕತ್ತಿವೀರರನ್ನು ಕಳಿಸಿದ. ಕತ್ತಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ಕಣ್ಣು ಹಣೆ ಮೇಲೆ ಅಚ್ಚಾಗಿತ್ತು. ತಲೆ ತೆಗೆದು ಕುತ್ತಿಗೆಯ ಗುಂಡಿ ನೋಡಿ, ಅಸಲಿ ಆದರೆ ಅಲ್ಲಿ ಸಣ್ಣಗೆ ಲೆಗೋ ಅಂತ ಇರುತ್ತದೆ. ಇಟ್ಟಿಗೆಯ ಗುಂಡಿಗಳ ಮೇಲೂ ಅಷ್ಟೇ. ನನ್ನ ಎಂಟೂ ಜನರ ಕುತ್ತಿಗೆ ಬೋಳು. ದುಡ್ಡು ವಾಪಸ್ ಬರಲಿಲ್ಲ.

ಧೂಳಿನ ವಿಷಯ ಹೇಳಲೇಬೇಕು. ಮಾಳಮಡ್ಡಿಯ ನಮ್ಮ ಮನೆಯ ಕಿಟಕಿ ಪಡುವಣಕ್ಕಿದೆ. ಮಾರ್ಚ್‌ನಿಂದ ಮೇ ತನಕ ಕೆಂಪು ಧೂಳು, ಆಮೇಲೆ ಮೂರು ತಿಂಗಳು ಜಿಟಿಜಿಟಿ ಮಳೆ. ಧೂಳಿನ ಮೇಲೆ ತೇವ ಕೂತರೆ ಗುಂಡಿಗಳ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಹಳೇ ಶೇವಿಂಗ್ ಬ್ರಷ್‌ನಿಂದ ವಾರಕ್ಕೊಮ್ಮೆ ಒರೆಸಿದರೆ ಸಾಕು. ತೊಳೆಯುವುದಾದರೆ ಉಗುರು ಬೆಚ್ಚನೆ ನೀರು, 40 ಡಿಗ್ರಿ ದಾಟಬಾರದು. ಬಿಸಿಲು ಇನ್ನೂ ಕೆಟ್ಟದ್ದು. ಮೊದಲ ವರ್ಷ ಕಿಟಕಿ ಪಕ್ಕ ಇಟ್ಟು ಒಂದು ಬದಿಯ ಬಿಳಿ ಗೋಡೆಯೆಲ್ಲ ಹಳದಿ ಮಾಡಿಕೊಂಡೆ. ತಪ್ಪು ನನ್ನದೇ. ಇನ್ನೊಂದು ಮಾತು. ಕೋಟೆಗೆ ಹಿಂದಿನಿಂದ ಬಾಗಿಲು ತೆರೆದ ಹಾಗೆ ತೆರೆಯಲು ಬರುತ್ತದೆ, ತಿಂಗಳಿಗೊಮ್ಮೆ ತೆರೆದು ನೋಡಿ. ನಮ್ಮ ಕೋಟೆಯಲ್ಲಿ ಒಂದು ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು. ಡ್ರ್ಯಾಗನ್ ಬೇಕು ಅಂದದ್ದು ನಾನೇ ಅಲ್ವಾ?

ಇಷ್ಟಾದರೂ ದುಡ್ಡು ದಂಡ ಅಂತ ಅನ್ನಿಸಿಲ್ಲ. ಕಾರಣ ಡಂಬಳ. ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ, ಹನ್ನೆರಡನೇ ಶತಮಾನದ್ದು. ಅದರ ತಳ 24 ಮೂಲೆಯ ನಕ್ಷತ್ರ. ಮಗಳನ್ನು ಕರೆದುಕೊಂಡು ಹೋದಾಗ ಅವಳು ಗೋಡೆ ಸುತ್ತುತ್ತಾ ಮೂಲೆ ಎಣಿಸಿದಳು. ಮೂರು ಸಲ ಲೆಕ್ಕ ತಪ್ಪಿತು. ವಾಪಸ್ ಬರುವಾಗ ಕೇಳಿದಳು, ‘ಅಪ್ಪಾ, ಇದನ್ನ ಕೋಟೆಯ ಪೀಸಲ್ಲಿ ಕಟ್ಟಕ್ಕ ಬರ್ತದ?’

ಲೆಗೋದಲ್ಲಿ ಬಹುತೇಕ ಎಲ್ಲವೂ 90 ಡಿಗ್ರಿಯ ಮೂಲೆ. ನಕ್ಷತ್ರ ಹೇಗೆ? ಹಾಳೆಯ ಮೇಲೆ ಗೆರೆ ಹಾಕಿ ನೋಡಿದೆ. ಒಂದೇ ಅಳತೆಯ ಆರು ಚೌಕ ತಗೊಳ್ಳಿ. ಒಂದೊಂದನ್ನು ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿಸಿ. ಆರು ನಾಲ್ಕಲೆ 24 ಮೂಲೆ! ತಿರುಗಿಸಲು ಲೆಗೋದಲ್ಲಿ ಟರ್ನ್‌ಟೇಬಲ್ ಅಂತ ಒಂದು ಪೀಸು ಇದೆ, ಕೆಳಗಿನದು ಕೂತಿರುತ್ತದೆ, ಮೇಲಿನದು ಸುತ್ತುತ್ತದೆ. ಅಂಥ ಐದು ಬೇಕು. ಬಿಡಿ ಪೀಸು ಸಿಗುವ ಬ್ರಿಕ್‌ಲಿಂಕ್ ವೆಬ್‌ಸೈಟಿನಿಂದ ತರಿಸಿದೆ, ಕಾದದ್ದು ಆರು ವಾರ. ಅಲ್ಲಿಯವರೆಗೆ ಅದರದೇ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಕಟ್ಟಿ ಕೆಡವಿದೆ. ಆಮೇಲೆ ಮೊದಲು ತಂದ ಸಣ್ಣ ಕೋಟೆ 31120 ಪೂರ್ತಿ ಬಿಚ್ಚಿ, ಅದರ ಬೂದು ಪೀಸಿನಲ್ಲೇ ಆರು ಅಂತಸ್ತು ಮಾಡಿ, ಒಂದೊಂದನ್ನೂ ಕಂಪಾಸ್ ಡಬ್ಬಿಯ ಕೋನಮಾಪಕ ಇಟ್ಟು ತಿರುಗಿಸಿದೆವು. ಮೇಲಿನಿಂದ ನೋಡಿದರೆ ಡಂಬಳ. ಪಕ್ಕದಿಂದ ನೋಡಿದರೆ ಬುಗುರಿ. ಗುಡಿ ಕಟ್ಟಿದವರು ಇದೇ ನಕ್ಷತ್ರವನ್ನು ತಳದಿಂದ ಶಿಖರದ ತನಕ ಕಲ್ಲಿನಲ್ಲಿ ಒಯ್ದಿದ್ದಾರೆ. ನನಗೆ ಆರು ಚೌಕದ ಮೂಲೆ ಸಾಲಾಗಿಸುವಷ್ಟರಲ್ಲಿ ನಾಲ್ಕು ಭಾನುವಾರ ಹೋದವು. ಮಗಳು ಮೇಲಿನಿಂದ ಬೆರಳಿಟ್ಟು ಎಣಿಸಿದಳು. 24.

ಹಾಗಾಗಿ ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ದೊಡ್ಡ ಕೋಟೆ ತಗೊಳ್ಳಿ ಅನ್ನುವುದಿಲ್ಲ. ಅದು ಚೆಂದ ಇದೆ, 22 ಗಿಡ್ಡಪ್ಪಗಳಲ್ಲಿ ಹಸಿರು ಬಟ್ಟೆಯ ಕಾಡಿನ ಗುಂಪು ನನಗೆ ತುಂಬಾ ಇಷ್ಟ. ಆದರೆ ಒಮ್ಮೆ ಕಟ್ಟಿದ ಮೇಲೆ ಬಿಚ್ಚುವ ಧೈರ್ಯ ಬಂದಿಲ್ಲ, ಶೆಲ್ಫ್ ತುಂಬಾ ಅದೇ ಕೂತಿದೆ. ನಾಲ್ಕು ವರ್ಷದಲ್ಲಿ ಕೈಗೆ ಕೆಲಸ ಕೊಟ್ಟದ್ದು ಸಣ್ಣದೇ. ತಗೊಳ್ಳುವುದಾದರೆ ಬಿಚ್ಚಲು ಹೊಟ್ಟೆ ಉರಿಯದಂಥದ್ದನ್ನು ತಗೊಳ್ಳಿ. ಪುಸ್ತಕ ಕಳೆದರೆ ಚಿಂತೆ ಬೇಡ, ಕಟ್ಟುವ ಕ್ರಮ ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಎಲ್ಲ ಚಿತ್ರದಲ್ಲೇ. 2024ರ ಮಧ್ಯಯುಗದ ಪೇಟೆ ಸೆಟ್, 3,304 ಪೀಸಿನದು, ಕಣ್ಣಲ್ಲಿದೆ. ಸದ್ಯ ಜಾಗ ಇಲ್ಲ.

ಜಾಗ ಇಲ್ಲ ಅನ್ನಲು ಇನ್ನೊಂದು ಕಾರಣ ಉಂಟು. ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಜೋಡಿ ಎತ್ತು ಮಾಡಿ ಪೂಜೆ ಮುಗಿಸಿ, ಮನೆಯಲ್ಲಿ ಧೂಳಿಲ್ಲದ ಜಾಗ ಅದೊಂದೇ ಅಂತ ಕೋಟೆ ಬಾಗಿಲ ಮುಂದೆ ತಂದಿಟ್ಟಳು. ಕುದುರೆಗಿಂತ ಎತ್ತು ಮೂರು ಪಟ್ಟು ದೊಡ್ಡವು. ಒಂದರ ಕೊಂಬು ಕೋಟೆಯ ಮೇಲೆತ್ತಿ ಇಳಿಸುವ ಸೇತುವೆಯ ಸರಪಳಿಗೆ ಸಿಕ್ಕಿಕೊಂಡಿದೆ. ಸೇತುವೆ ಮೇಲೂ ಬರುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ತೆಗೆಯಲೇನವ್ವಾ ಅಂದರೆ, ‘ಪಂಚಮಿ ತನಕ ಇರಲಿ ತಡಿ’ ಅಂದಿದ್ದಾಳೆ.